ಉಜ್ಜಬಾರದಿದ್ದ ಕಪ್ಪು

ಅವರ ಅಂಗಿಯ ಎಡ ಜೇಬಿನಲ್ಲಿ ಯಾವಾಗಲೂ ಒಂದು ಆಯಸ್ಕಾಂತ ಇರುತ್ತಿತ್ತು. ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿಕೊಂಡದ್ದು. ಕೋಡುಬಳೆಯ ಹಾಗೆ ದುಂಡಗೆ, ನಡುವೆ ತೂತು. ಅದರ ಭಾರಕ್ಕೆ ಜೇಬು ಜೋತುಬಿದ್ದು ಅಂಗಿಯೇ ಒಂದು ಕಡೆಗೆ ವಾಲಿರುತ್ತಿತ್ತು. ಹೋಟೆಲಿನಲ್ಲಿ ಕಾಫಿ ಲೋಟ ಬಂದರೆ ಮೊದಲು ಆಯಸ್ಕಾಂತಕ್ಕೆ ತಾಗಿಸುವರು, ಆಮೇಲೆ ತುಟಿಗೆ. ಮದುವೆ ಮನೆಯಲ್ಲಿ ಉಡುಗೊರೆಯಾಗಿ ಬಂದ ಹಿತ್ತಾಳೆ ದೀಪಕ್ಕೆ ತಾಗಿಸಿ, "ಅಂಟ್ಕೋತದೆ ಕಣ್ರೀ, ಒಳಗೆ ಕಬ್ಣ" ಎಂದು ಹೇಳಿ ಬೀಗರ ಮುಖ ಕೆಡಿಸಿದ್ದೂ ಉಂಟು.

ಹೋದ ತಿಂಗಳು ಅವರು ತೀರಿಕೊಂಡಾಗ, ಹೊರುವ ಮುಂಚೆ, ಆ ಆಯಸ್ಕಾಂತವನ್ನೂ ಜೊತೆಗೆ ಇಟ್ಟು ಕಳಿಸೋಣವೇ ಎಂದು ನೆಂಟರಲ್ಲಿ ಯಾರೋ ಕೇಳಿದರು. ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, "ಬ್ಯಾಡ ಕಣಪ್ಪ, ಮೇಲೋಗಿ ಯಮನ ಕ್ವಾಣದ ಗಂಟೆಗೂ ತಾಗ್ಸಿ ನೋಡ್ತಾರೆ" ಎಂದರು. ಅಳುತ್ತಿದ್ದವರೆಲ್ಲ ನಕ್ಕರು, ನಕ್ಕು ಮತ್ತೆ ಅತ್ತರು. ನಾನು ಮಾತ್ರ ಅಳಲೂ ಇಲ್ಲ, ನಗಲೂ ಇಲ್ಲ. ಆ ಮನುಷ್ಯನಿಗೆ ನಾನು ಮಾಡಿದ ಒಂದು ಕೆಲಸ ಇನ್ನೂ ಹೇಳದೆ ಉಳಿದಿತ್ತು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರು ಎದುರಿಗೇ ಕೂತಿದ್ದರು.

ಹಾಸನದಲ್ಲಿ ನನ್ನದೊಂದು ಪಾಲಿಶ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಪ್ಪ ಪಾತ್ರೆಗೆ ಕಲಾಯಿ ಹಾಕುತ್ತಿದ್ದ, ನಾನು ತಿದಿ ಒತ್ತುತ್ತಿದ್ದೆ. ಮನೆಮನೆಯ ಪಾತ್ರೆಗಳೆಲ್ಲ ಸ್ಟೀಲ್ ಆದಮೇಲೆ ಬಟ್ಟೆಯ ಚಕ್ರ ತಿರುಗಿ ಹೊಳಪು ಕೊಡುವ ಬಫ್ ಮೆಷಿನ್ ಹಾಕಿಕೊಂಡೆ. ದೇವಸ್ಥಾನದ ದೀಪ, ಪ್ರಭಾವಳಿ, ಕಬಡ್ಡಿ ಪಂದ್ಯದ ಕಪ್ಪುಗಳು, ವಕೀಲರ ಹೆಸರಿನ ಹಿತ್ತಾಳೆ ಹಲಗೆ, ಎಲ್ಲಕ್ಕೂ ಹೊಳಪು ಕೊಟ್ಟು ಮಕ್ಕಳನ್ನು ಓದಿಸಿದೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ನನ್ನ ಕೈಯಲ್ಲಿ ಹೊಳೆಯದ ಲೋಹ ಇಲ್ಲ ಎಂದು ಹೇಳಿಕೊಳ್ಳುವುದು ನನಗೆ ಅಭ್ಯಾಸ. ಈಗ ಸ್ವಲ್ಪ ಕಡಿಮೆ ಮಾಡಿದ್ದೇನೆ.

ಅವರು ಮೊದಲ ಸಲ ಬಂದಾಗ ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಕಪ್ಪು ಕ್ರಾಸ್ ಇಟ್ಟರು. ನಡುಭಾಗ ಕಬ್ಬಿಣ, ಸುತ್ತ ಬೆಳ್ಳಿಯ ಅಂಚು. ಮೇಲೆ ಕಿರೀಟ, ನಡುವೆ ಇಂಗ್ಲಿಷಿನ ಡಬ್ಲ್ಯು, ಕೆಳಗೆ 1914 ಎಂಬ ಇಸವಿ.

"ಇದಕ್ಕೆ ಹೊಳಪು ಮಾಡ್ಬೇಡಿ. ತುಕ್ಕು ಮುಂದಕ್ಕೆ ಹೋಗ್ದಂಗೆ ನಿಲ್ಸಿ, ಅಷ್ಟೇ."

ನನಗೆ ಸಿಟ್ಟು ಬಂತು. "ಅಲ್ಲ ಸಾ, ಹೊಳಪು ಬ್ಯಾಡ ಅನ್ನೋರು ಪಾಲಿಶ್ ಅಂಗ್ಡಿಗೆ ಯಾಕ್ ಬಂದ್ರಿ? ಕಟಿಂಗ್ ಶಾಪಲ್ಲಿ ಕೂತು ಕೂದ್ಲು ಮುಟ್ಬೇಡ ಅಂದಂಗಾಯ್ತು."

"ಕೂದ್ಲು ಮುಟ್ದೆ ಹೇನು ತೆಗೀರಿ ಅಂತಿದೀನಿ, ಮೇಸ್ತ್ರಿ. ಆಗೋದಿಲ್ಲ ಅಂದ್ರೆ ಹೇಳಿ, ಬೇರೆಯೋರನ್ನ ನೋಡ್ಕೋತೀನಿ."

ನನಗೆ ಆಗೋದಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದೇ ಇಲ್ಲ. ಎಣ್ಣೆಯಲ್ಲಿ ನೆನೆಹಾಕಿ, ಬಿದಿರಿನ ಕಡ್ಡಿಯಿಂದ ಕೆರೆದು, ಎರಡು ದಿನ ಕೂತು ತುಕ್ಕು ತೆಗೆದೆ. ಕಪ್ಪು ಹಾಗೇ ಉಳಿಯಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. ಮರುವಾರ ಇನ್ನೊಂದನ್ನು ತಂದರು. ಅಲ್ಲಿಗೆ ಶುರುವಾಯಿತು, ಹನ್ನೆರಡು ವರ್ಷ ನಡೆಯಿತು.

ಅವರು ಬಸ್ ಡಿಪೋದಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಂಡಿದ್ದು ನಿವೃತ್ತರಾದವರು. ಮನೆ ಹೊಳೆನರಸೀಪುರದಲ್ಲಿ. ಹುಟ್ಟಿದ್ದು ಅರಕಲಗೂಡಿನ ಕಡೆಯ ಹಳ್ಳಿ. ಅವರಜ್ಜ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದು, ಮೊದಲನೇ ಮಹಾಯುದ್ಧಕ್ಕೆ ಹಡಗು ಹತ್ತಿ ಹೋಗಿ, ಎಲ್ಲೋ ಮರಳುಗಾಡಿನ ಆಚೆ ಟರ್ಕಿಯವರು, ಜರ್ಮನಿಯವರು ಇಬ್ಬರ ಮೇಲೂ ಕಾದಾಡಿ ಬಂದವರಂತೆ. ಬರುವಾಗ ಟ್ರಂಕಿನಲ್ಲಿ ಆ ಕಪ್ಪು ಕ್ರಾಸ್ ಇತ್ತು. ಮನೆಯವರಿಗೆ ಅದೇನೆಂದು ಗೊತ್ತಿಲ್ಲ. ಕಬ್ಬಿಣ ಇದ್ದರೆ ದೃಷ್ಟಿ ತಾಕುವುದಿಲ್ಲ ಎಂದು ಅಜ್ಜಿ ಅದನ್ನು ಹಾಲು ಕರೆಯುವ ಹಸುವಿನ ಕೊರಳಿಗೆ ಕಟ್ಟಿದರಂತೆ.

"ಜರ್ಮನಿ ದೊರೆ ಕೊಟ್ಟ ಪದಕ ನಮ್ಮನೆ ಕೌಲೆ ಹಸ ಹಾಕ್ಕೊಂಡು ಇಪ್ಪತ್ತು ವರ್ಷ ಮೇಯ್ತು ಮೇಸ್ತ್ರಿ. ಅದಕ್ಕಿಂತ ದೊಡ್ಡ ಶೂರ ಯಾರಿದ್ದಾರೆ? ದಿನಾ ನಾಕು ಸೇರು ಕೊಡೋದು."

"ಅಜ್ಜಂದೇ ಮೆಡಲ್ಲು ಇರ್ಲಿಲ್ವಾ ಸಾ? ಅವ್ರದ್ ಬುಟ್ಟು ಜರ್ಮನಿಯೋರ್ದು ಯಾಕೆ ಇಟ್ಕೊಂಡ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮಜ್ಜಂದು ಯಾರದು ಅಂತ ನಂಗೊತ್ತು. ಇದು ಯಾರದು ಅಂತ ಗೊತ್ತಿಲ್ವಲ್ಲ. ಯಾವನೋ ಒಬ್ಬ ಕೊರಳಿಂದಲೋ ಜೇಬಿಂದಲೋ ಕಳ್ಕೊಂಡ. ಅವನ ಮನೇಲಿ ಯಾರಾದ್ರೂ ಹುಡುಕಿರ್ತಾರೆ."

ಹಾಗೆ ಒಬ್ಬನ ಹೆಸರು ಹುಡುಕಲು ಹೊರಟು ಅವರು ಒಂದು ಟ್ರಂಕಿನಷ್ಟು ಜರ್ಮನಿಯ ಪದಕಗಳನ್ನು ಕೂಡಿಹಾಕಿದರು. ಆ ಕಬ್ಬಿಣದ ಕ್ರಾಸಿನ ಮೇಲೆ ಹೆಸರು ಕೆತ್ತುವ ಪದ್ಧತಿಯೇ ಇರಲಿಲ್ಲ, ಆದ್ದರಿಂದ ಹೆಸರು ಸಿಗಲೇ ಇಲ್ಲ. ಸಿಕ್ಕಿದ್ದು ಅವುಗಳ ಹಿನ್ನೆಲೆ. ನನ್ನ ಬಫ್ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುವರು. ಆ ಮಹಾಯುದ್ಧಕ್ಕೂ ನೂರು ವರ್ಷ ಹಿಂದಿನ ಇನ್ನೊಂದು ಯುದ್ಧದಲ್ಲಿ ಅಲ್ಲಿಯ ಹೆಂಗಸರು ತಮ್ಮ ಚಿನ್ನ ಬಿಚ್ಚಿಕೊಟ್ಟು ಬದಲಿಗೆ ಕಬ್ಬಿಣದ ಒಡವೆ ಹಾಕಿಕೊಂಡರಂತೆ. ಆಗಿನಿಂದ ಆ ದೇಶದಲ್ಲಿ ಕಬ್ಬಿಣಕ್ಕೆ ಮರ್ಯಾದೆಯಂತೆ. "ಮೊದ್ಲು ಚಿನ್ನ ಇಸ್ಕೊಂಡು ಕಬ್ಣ ಕೊಟ್ರು ಮೇಸ್ತ್ರಿ. ಆಮೇಲೆ ಮಕ್ಳನ್ನ ಇಸ್ಕೊಂಡು ಕಬ್ಣ ಕೊಟ್ರು."

ಉಗ್ರಾಣದ ಬುದ್ಧಿ ಅವರನ್ನು ಬಿಟ್ಟಿರಲಿಲ್ಲ. ಡಿಪೋದಲ್ಲಿ ಒಂದೊಂದು ಬೇರಿಂಗಿಗೂ ಚೀಟಿ ಕಟ್ಟುತ್ತಿದ್ದವರು ಇಲ್ಲಿ ಒಂದೊಂದು ಪದಕಕ್ಕೂ ಚೀಟಿ ಕಟ್ಟುತ್ತಿದ್ದರು. ಮದುವೆ ಕಾಗದದ ಹಿಂಬದಿಯನ್ನು ಕತ್ತರಿಸಿ, ನೀಲಿ ಶಾಯಿಯಲ್ಲಿ, ಮುತ್ತು ಪೋಣಿಸಿದಂಥ ಅಕ್ಷರ. ಯಾರಿಗೆ ಕೊಡುತ್ತಿದ್ದದ್ದು, ಯಾಕೆ, ಎಲ್ಲಿ ಸಿಕ್ಕಿತು, ಏನು ಊನ. ನಾಲ್ಕಾಗಿ ಮಡಚಿ ದಾರದಲ್ಲಿ ಕಟ್ಟುವರು. ಚನ್ನರಾಯಪಟ್ಟಣದ ಗುಜರಿಯವನೊಬ್ಬ ಒಮ್ಮೆ ಅವರಿಗೆ ಫೋನ್ ಮಾಡಿ, "ಬನ್ನಿ ಸಾ, ಇಟ್ಲರಂದೇ ಬಂದೈತೆ" ಎಂದ. ನನ್ನನ್ನೂ ಕರೆದುಕೊಂಡು ಹೋದರು. ಆಯಸ್ಕಾಂತ ತಾಗಿಸಿದರು, ಅಂಟಲಿಲ್ಲ. ಹಿತ್ತಾಳೆಗೆ ಕಪ್ಪು ಪೇಂಟ್ ಹೊಡೆದದ್ದು. ನಾನು ಗುಜರಿಯವನಿಗೆ ಬೈಯಲು ಶುರುಮಾಡಿದೆ. ಇವರು ಅದನ್ನು ಕೊಂಡು ಜೇಬಿಗೆ ಹಾಕಿಕೊಂಡೇಬಿಟ್ಟರು.

"ಸುಳ್ಳು ಅಂತ ಗೊತ್ತಿದ್ದೂ ತಕ್ಕೋತೀರಲ್ಲ ಸಾ!"

"ಸುಳ್ಳನ್ನೂ ಇಟ್ಕೋಬೋದು ಮೇಸ್ತ್ರಿ, ಚೀಟೀಲಿ ಸುಳ್ಳು ಅಂತ ಬರ್ದು. ಚೀಟಿ ಮಾತ್ರ ಸುಳ್ಳು ಹೇಳ್ಬಾರ್ದು."

ಬಸ್ಸಿನಲ್ಲಿ ಕೂತೇ ಬರೆದರು: ನಕಲಿ, ಹಿತ್ತಾಳೆ, ಮಾರಿದವನು ನಗುತ್ತಿದ್ದ.

ಅವರ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಬೇರೆ ಇತ್ತು. ಎರಡನೇ ಮಹಾಯುದ್ಧದವು, ಹಿಟ್ಲರನ ಕಾಲದ ಆ ಕೊಂಡಿ ಬಾಗಿದ ಗುರುತು ಇದ್ದವು. ಅವನ್ನು ಮುಖ ಕೆಳಗೆ ಮಾಡಿ ಇಡುತ್ತಿದ್ದರು. ಮನೆಗೆ ಬಂದ ನೆಂಟರೊಬ್ಬರು ಅದನ್ನು ಎತ್ತಿಕೊಂಡು, "ಓಹೋ, ನಮ್ ಸ್ವಸ್ತಿಕ, ಶುಭ, ದೇವ್ರ ಮನೇಲಿಡ್ರಿ" ಎಂದರು. ಇವರ ಮುಖ ಹಾಗೆ ಕೆಂಪಾದದ್ದನ್ನು ನಾನು ಇನ್ನೊಮ್ಮೆ ನೋಡಿಲ್ಲ. "ನಮ್ದು ಬಾಗ್ಲಿಗೆ ಬರಿಯೋದು. ಇದು ಮನೆ ಮನೆ ಬಾಗ್ಲು ಒಡ್ದು ಮಕ್ಳು ಮುದುಕ್ರನ್ನ ಎಳ್ಕೊಂಡೋಗಿ ಕೊಂದದ್ದು. ಚೀಟಿ ಓದಿ ಮೊದ್ಲು." ನೆಂಟರು ಚೀಟಿ ಓದಿ, ಊಟ ಮಾಡದೆ ಎದ್ದುಹೋದರು. ಅಮ್ಮ ಬಡಿಸಿದ ಎಲೆ ಹಾಗೇ ಉಳಿಯಿತು.

ಅಮ್ಮ ಎಂದು ನಾನು ಕರೆಯುವುದು ಅವರ ಹೆಂಡತಿಯನ್ನು. ಪದಕಗಳೆಲ್ಲ ಅಮ್ಮನಿಗೆ ಬಿಲ್ಲೆಗಳು. "ಈ ಮನೇಲಿ ಅಕ್ಕಿ ಡಬ್ಬಕ್ಕಿಂತ ಬಿಲ್ಲೆ ಡಬ್ಬ ಜಾಸ್ತಿ" ಎಂದು ರೇಗುವರು. ಆದರೆ ಒಂದು ಬಿಲ್ಲೆ ಮಾತ್ರ ಅವರದೇ ಆಗಿತ್ತು.

ಅವರಿಗೆ ಇದ್ದದ್ದು ಒಬ್ಬನೇ ಮಗ. ಸೈನ್ಯಕ್ಕೆ ಸೇರಿ, ಮಂಜಿನ ನಾಡಿನಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಗುಂಡೇಟಿಗಲ್ಲ, ಆದ್ದರಿಂದ ಪೇಪರಿನಲ್ಲಿಯೂ ದೊಡ್ಡದಾಗಿ ಬರಲಿಲ್ಲ. ಅವನ ಟ್ರಂಕು ಬಂತು, ಬಾವುಟ ಬಂತು. ಆ ಟ್ರಂಕಿನಲ್ಲೇ ಈ ಪದಕಗಳೆಲ್ಲ ಇದ್ದದ್ದು. ಮಗನ ವಿಷಯ ಯಜಮಾನರು ನನ್ನ ಹತ್ತಿರ ಒಂದೇ ಸಲ ಆಡಿದರು, ಅದೂ ಅಮ್ಮನದಾದ ಆ ಬಿಲ್ಲೆ, ಇನ್ನೊಂದು ಕರಿಯ ಕ್ರಾಸ್, ಬಂದ ದಿನ.

ಅದು ಬಂದದ್ದು ಹೀಗೆ. ಕೊರವಂಗಲದ ದೇವಸ್ಥಾನ ನೋಡಲು ಜರ್ಮನಿಯ ಮುದುಕರೊಬ್ಬರು ಬಂದಿದ್ದಾರೆಂದು ಯಾರೋ ಆಟೋದವರು ಹೇಳಿದರಂತೆ. ಇವರು ಚೀಲದಲ್ಲಿ ನಾಲ್ಕು ಪದಕ ಹಾಕಿಕೊಂಡು ಓಡಿದರು. ಕಲ್ಲಿನ ಜಗಲಿಯ ಮೇಲೆ ಕೂತು, ಅರೆಬರೆ ಇಂಗ್ಲಿಷಿನಲ್ಲಿ, ಅಕ್ಷರ ಅಕ್ಷರ ತೋರಿಸಿ ಅರ್ಥ ಕೇಳಿಕೊಂಡರು. ಅಜ್ಜಿ ಹಸುವಿಗೆ ಕಟ್ಟಿದ ಕಥೆ ಕೇಳಿ ಆ ಮುದುಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಒಂದು ವರ್ಷದ ಮೇಲೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಕರಿಯ ಬಣ್ಣದ ಸಣ್ಣ ಕ್ರಾಸು, ಒಂದು ಕಾಗದ. ಇದು ನನ್ನ ಮುತ್ತಜ್ಜಿಯದು, ನಮ್ಮ ಮನೆಯಲ್ಲಿ ಇದನ್ನು ನೋಡುವವರು ಯಾರೂ ಇಲ್ಲ, ನೀವು ನೋಡುತ್ತೀರಿ ಎಂದು ಆ ಮುದುಕರು ಬರೆದಿದ್ದರು.

"ಮೊದಲ್ನೇ ಯುದ್ಧ ಮುಗ್ದು ಹದಿನಾರು ವರ್ಷಕ್ಕೆ ಕೊಟ್ರು ಅದನ್ನ," ಎಂದು ಅವರು ನನಗೆ ಹೇಳಿದರು. "ಕಾದಾಡ್ದೋರಿಗೆ ಒಂದು ಥರ, ಕತ್ತಿ ಹಿಡೀದೆ ಕೆಲ್ಸ ಮಾಡ್ದೋರಿಗೆ ಇನ್ನೊಂದು ಥರ. ಅದು ಸತ್ತೋರ ಹೆಂಡ್ತೀರಿಗೆ, ಅಪ್ಪ ಅಮ್ಮಂದ್ರಿಗೆ. ಕೊಟ್ಟ ಕೈ ಒಳ್ಳೇದಲ್ಲ, ಮುಂದಿನ ಯುದ್ಧಕ್ಕೆ ಆಗ್ಲೇ ಸಿದ್ಧ ಆಗ್ತಿದ್ದ ಕೈ. ಆದ್ರೂ ಮೇಸ್ತ್ರಿ, ಅಪ್ಪ ಅಮ್ಮ ಅಂತ ಇದ್ದಾರೆ ಅನ್ನೋದು ಯಾರಿಗೋ ನೆನಪಾಯ್ತಲ್ಲ. ನನ್ ಮಗ ಹೋದಾಗ ನಂಗೆ..." ಅಷ್ಟಕ್ಕೇ ನಿಲ್ಲಿಸಿದರು. ಜೇಬಿನಿಂದ ಆಯಸ್ಕಾಂತ ತೆಗೆದು ಸುಮ್ಮನೆ ಅಂಗೈಯಲ್ಲಿ ತಿರುಗಿಸಿದರು. ಆ ದಿನ ನನ್ನ ಅಂಗಡಿಯಲ್ಲಿ ದೇವಸ್ಥಾನದ ಕೆಲಸವಿತ್ತು, ಮೆಷಿನ್ ಓಡುತ್ತಿತ್ತು, ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ಇಲ್ಲ. ಕರಿಯ ಕ್ರಾಸನ್ನು ಅವರು ಆ ದಿನ ತಂದಿರಲಿಲ್ಲ. ಅಮ್ಮ ಅದನ್ನು ಮಗನ ಫೋಟೋದ ಮುಂದೆ, ದೀಪದ ಪಕ್ಕ ಇಟ್ಟುಬಿಟ್ಟಿದ್ದರು.

ಆರು ವರ್ಷದ ಹಿಂದಿನ ಮಾತು. ಹಾಸನದ ಒಂದು ಕಾಲೇಜಿನವರು ಅವರ ಪದಕಗಳನ್ನು ದಸರಾ ರಜೆ ಮುಗಿದ ಮೇಲೆ ಪ್ರದರ್ಶನಕ್ಕೆ ಇಡಬೇಕೆಂದು ಕೇಳಿದರು. ಗಾಜಿನ ಪೆಟ್ಟಿಗೆ ಮಾಡಿಸಿ, ಮಖಮಲ್ಲು ಹಾಸಿ, ಕೊಂಡಿ ಕೂರಿಸುವ ಕೆಲಸ ನನಗೆ ಬಂತು. ಮೊದಲನೇ ಯುದ್ಧದವನ್ನೆಲ್ಲ ತಂದು ನನ್ನ ಕೈಗಿಟ್ಟು, ಮದುವೆಯೊಂದಕ್ಕೆ ಅರಕಲಗೂಡಿಗೆ ಹೋದರು. ಅಮ್ಮ ಕರಿಯ ಕ್ರಾಸನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟು ಕಳಿಸಿದ್ದರು.

ಮರುದಿನ ಆಯುಧಪೂಜೆ. ಆ ಹಬ್ಬದ ಹಿಂದಿನ ದಿನ ನಮ್ಮ ಅಂಗಡಿಯಲ್ಲಿ ಕೊಳೆ ಹಿಡಿದ ಒಂದು ಮೊಳೆ ಸಹ ಇರಬಾರದು. ಸುತ್ತಿಗೆ, ಇಕ್ಕಳ, ತಕ್ಕಡಿ, ಬಾಗಿಲ ಚಿಲಕ, ಎಲ್ಲ ಉಜ್ಜಿ ಸಾಲಾಗಿ ಇಟ್ಟು ಕುಂಕುಮ ಹಚ್ಚಬೇಕು. ಅಪ್ಪ ಕಲಿಸಿದ್ದು. ಅಂದು ಬೆಳಗಿನಿಂದ ಉಜ್ಜಿ ಉಜ್ಜಿ ಕೈ ಅದೇ ಓಟದಲ್ಲಿತ್ತು. ಪದಕಗಳನ್ನು ಜೋಡಿಸಲು ಕೂತೆ. ಅಮ್ಮನ ಕರಿಯದು, ಕತ್ತಿ ಹಿಡಿಯದವರದು, ಎರಡು ಕ್ರಾಸುಗಳು ಅಕ್ಕಪಕ್ಕ ಬಂದವು. ಅದೇ ಅಚ್ಚು, ಅದೇ ಎಲೆಯ ಹಾರ, ನಡುವೆ ಅದೇ ಇಸವಿಗಳು. ಒಂದಕ್ಕೆ ಕಂಚಿನ ಬಣ್ಣ, ಇನ್ನೊಂದು ಕಪ್ಪು. ದೀಪದ ಪಕ್ಕ ಇತ್ತಲ್ಲ, ಎಣ್ಣೆಮಸಿ ಕುಡಿದಿದೆ ಅಂದುಕೊಂಡೆ. ಕೆಳಗೆ ಕಂಚಿನ ಲೇಪ ಇದ್ದೇ ಇರುತ್ತದೆ, ಜೋಡಿಯನ್ನು ಜೋಡಿಯಂತೆ ಮಾಡಿಕೊಟ್ಟರೆ ಹಬ್ಬಕ್ಕೆ ಅವರಿಗೂ ಸಂತೋಷ ಅಂದುಕೊಂಡೆ. ಚೀಟಿ ಅಲ್ಲೇ ಕಟ್ಟಿತ್ತು, ನಾಲ್ಕು ಮಡಿಕೆ. ಬಿಚ್ಚಲಿಲ್ಲ. ನಲವತ್ತು ವರ್ಷ ಲೋಹ ಮುಟ್ಟಿದ ಕೈಗೆ ಕಾಗದ ಏನು ಹೇಳಿಕೊಡುತ್ತದೆ ಎಂಬ ಸೊಕ್ಕು. ಚೀಟಿಯನ್ನು ದಾರ ಸಮೇತ ಕಳಚಿ ಪಕ್ಕಕ್ಕಿಟ್ಟು ಬಫ್ಫಿಗೆ ಹಿಡಿದೆ.

ಎರಡೇ ನಿಮಿಷ. ಕಪ್ಪು ಹೋಯಿತು. ಕಂಚು ಬರಲಿಲ್ಲ. ಬೆಳ್ಳಗೆ, ಹೊಸ ಚಮಚದ ಹಾಗೆ, ಬರೀ ಕಬ್ಬಿಣ ಬಂತು.

ಮೆಷಿನ್ ನಿಲ್ಲಿಸಿದೆ. ಕೆಳಗೆ ಬೇರೆ ಬಣ್ಣ ಇರಲೇ ಇಲ್ಲ, ಮೇಲಿದ್ದ ಕಪ್ಪೇ ಅದರ ಬಣ್ಣ ಎಂದು ಕೈಗೆ ತಿಳಿಯಿತು. ಆಗ ಚೀಟಿ ಬಿಚ್ಚಿದೆ. "ವಿಧವೆಯರಿಗೆ, ತಂದೆ ತಾಯಿಯರಿಗೆ. ಹೊಳೆಯದಂತೆ ಬೇಕೆಂದೇ ಕಪ್ಪು ಅರಗು ಬಳಿದದ್ದು. ಊನವಿಲ್ಲ."

ಊನವಿಲ್ಲ ಎಂಬ ಮಾತನ್ನು ಎಷ್ಟು ಸಲ ಓದಿದೆನೋ.

ಅವರು ಬಂದಾಗ ನಾನು ಕಾಲಿಗೆ ಬೀಳಲು ಹೋದೆ. ಭುಜ ಹಿಡಿದು ಎತ್ತಿದರು. ಕ್ರಾಸನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಅದರಲ್ಲಿ ಅವರ ಕನ್ನಡಕ ಕಾಣುತ್ತಿತ್ತು, ಅಷ್ಟು ಹೊಳಪು.

"ಸಾ, ಬೈರಿ ಸಾ. ಸುಮ್ಕಿರ್ಬೇಡಿ."

"ಬೈದ್ರೆ ಕರ್ರಗಾಗ್ತದಾ?"

"ನಾನು ಮತ್ತೆ ಕಪ್ಪು ಕೂರಿಸ್ತೀನಿ ಸಾ. ಅಗಸೆ ಎಣ್ಣೆ ಹಾಕಿ ಕಾಯ್ಸಿ ಮಾಡಿದ್ರೆ ದೇವ್ರಾಣೆ ಗೊತ್ತಾಗಲ್ಲ."

"ಗೊತ್ತಾಗಲ್ಲ, ಅದಕ್ಕೇ ಬ್ಯಾಡ ಮೇಸ್ತ್ರಿ. ಆ ಕಪ್ಪನ್ನ ಆ ತಾಯಿ ಮುಟ್ಟಿದ್ಲು. ನೀವು ಬಳಿಯೋದನ್ನ ಯಾರೂ ಮುಟ್ಟಿಲ್ಲ." ಕ್ರಾಸನ್ನು ಕರವಸ್ತ್ರದಲ್ಲಿ ಸುತ್ತುತ್ತಾ, ನೆಲ ನೋಡಿಕೊಂಡು, "ನಮ್ಮನೇಲಿ ಹೇಳ್ಬೇಡಿ" ಎಂದರು.

ಪ್ರದರ್ಶನದಲ್ಲಿ ಅದನ್ನು ಇಡಲಿಲ್ಲ. ಮತ್ತೆ ಮಗನ ಫೋಟೋದ ಮುಂದಕ್ಕೆ ಹೋಯಿತು. ತಿಂಗಳ ಮೇಲೆ ಧೈರ್ಯ ಮಾಡಿ ಹೊಳೆನರಸೀಪುರಕ್ಕೆ ಹೋದೆ. ಅಮ್ಮ ಕಾಫಿ ತಂದುಕೊಟ್ಟು ನನ್ನೆದುರೇ ಶುರುಮಾಡಿದರು.

"ನೋಡು ಮೇಸ್ತ್ರಿ, ಇವ್ರ ಘನಂದಾರಿ ಕೆಲ್ಸ. ಊರಿಗೆಲ್ಲ ಉಜ್ಬೇಡಿ ಉಜ್ಬೇಡಿ ಅನ್ನೋರು, ಆ ಕರೀ ಬಿಲ್ಲೇನ ತಾವೇ ಉಜ್ಜಿ ಚಮಚ ಮಾಡವ್ರೆ. ಅದೊಂದು ನಂದು ಅಂತ ಇಟ್ಕೊಂಡಿದ್ದೆ."

"ಆಯ್ತು ಬುಡೇ, ಕೈ ತಪ್ತು" ಎಂದರು ಅವರು, ನನ್ನ ಕಡೆ ನೋಡದೆ.

"ಕೈ ತಪ್ತಂತೆ! ನೀನೇ ಯೋಳು ಮೇಸ್ತ್ರಿ, ನೀನು ಕಸುಬಿನೋನು. ಇಂಗೆ ಮಾಡ್ಬೋದಾ?"

ನಾನು ಬಾಯಿ ತೆರೆದೆ. ಏಳನೇ ಕ್ಲಾಸಿಗೆ ಬಿಟ್ಟವನು ಎಂದು ಯಾರೂ ಆಡಿಕೊಳ್ಳದ ಹಾಗೆ ಕಟ್ಟಿಕೊಂಡ ಹೆಸರು ಕಣ್ಣ ಮುಂದೆ ಬಂತು. "ಕಾಫಿ ಚೆನ್ನಾಗೈತೆ ಅಮ್ಮ" ಎಂದೆ.

ಆರು ವರ್ಷ. ಹೋದಾಗಲೆಲ್ಲ ಅಮ್ಮ ಅದೇ ಮಾತು ತೆಗೆಯುವರು, ನನ್ನನ್ನೇ ಕೇಳುವರು, ಅವರು ಕೈ ತಪ್ಪಿತು ಎನ್ನುವರು, ನಾನು ಕಾಫಿ ಕುಡಿಯುವೆ. ಬಸ್ ಸ್ಟ್ಯಾಂಡಿನವರೆಗೆ ಅವರೇ ಬಂದು ಹತ್ತಿಸುವರು. ಒಂದು ದಿನವೂ ಆ ವಿಷಯ ಎತ್ತಲಿಲ್ಲ. ನನ್ನ ಅಂಗಡಿಗೆ ಪದಕ ತರುವುದನ್ನೂ ನಿಲ್ಲಿಸಲಿಲ್ಲ. ಎಂದಿನಂತೆ ಮೇಜಿನ ಮೇಲಿಟ್ಟು, "ಹೇನು ತೆಗೀರಿ ಮೇಸ್ತ್ರಿ, ಕೂದ್ಲು ಮುಟ್ಬೇಡಿ" ಎನ್ನುವರು. ಆ ನಂಬಿಕೆಯನ್ನು ಹೊರುವುದೇ ಕಷ್ಟವಾಯಿತು ನನಗೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವರು ಹೋದದ್ದು ಕೂತಲ್ಲೇ, ಮಧ್ಯಾಹ್ನದ ಹೊತ್ತು, ಕನ್ನಡಕ ಹಾಕಿಕೊಂಡೇ. ಹನ್ನೊಂದನೇ ದಿನದ ಶಾಸ್ತ್ರ ಮುಗಿದು ನೆಂಟರು ಚದುರಿದ ಮೇಲೆ ಅಮ್ಮ ನನ್ನನ್ನು ಕರೆಸಿದರು. ಟ್ರಂಕನ್ನು ಆ ಕಾಲೇಜಿಗೇ ಕೊಡುವುದೆಂದು ತೀರ್ಮಾನವಾಗಿತ್ತು. "ನನ್ ಕಣ್ಣು ಕಾಣಾಕಿಲ್ಲ. ಕೊಡೋ ಮುಂಚೆ ಒಂದ್ಸಲ ಎಲ್ಲಾ ಚೀಟಿ ಓದ್ಬುಡು ಮೇಸ್ತ್ರಿ. ಅವ್ರು ಮಾತಾಡ್ದಂಗಿರ್ತದೆ" ಎಂದರು.

ಮಗನ ಟ್ರಂಕಿನ ಪಕ್ಕ ನೆಲದ ಮೇಲೆ ಕೂತು ಓದಿದೆ. ನನ್ನ ಓದು ನಿಧಾನ. ಅಕ್ಷರ ಕೂಡಿಸಿಕೊಂಡು ಓದಬೇಕು. ಹಸುವಿನ ಕೊರಳಿನದು ಬಂತು, ಅಮ್ಮ ನಕ್ಕರು. ಚನ್ನರಾಯಪಟ್ಟಣದ ನಕಲಿ ಬಂತು. ಕೊನೆಗೆ ಅಮ್ಮನೇ ಎದ್ದು ಹೋಗಿ ಫೋಟೋದ ಮುಂದಿನ ಕ್ರಾಸನ್ನು ತಂದು ನನ್ನ ಕೈಗೆ ಕೊಟ್ಟರು. ಹೊಳಪೆಲ್ಲ ಹೋಗಿ ಅಂಚಿನಲ್ಲಿ ಕೆಂಪು ತುಕ್ಕು ಹಿಡಿದಿತ್ತು. ಕಪ್ಪು ಇದ್ದಿದ್ದರೆ ತುಕ್ಕು ಬರುತ್ತಿರಲಿಲ್ಲ.

ಚೀಟಿ ಬಿಚ್ಚಿದೆ. ಊನವಿಲ್ಲ ಎಂಬ ಮಾತಿಗೆ ಗೆರೆ ಎಳೆದಿತ್ತು. ಕೆಳಗೆ ಅದೇ ನೀಲಿ ಶಾಯಿ, ಅದೇ ಅಕ್ಷರ. "ಕಪ್ಪು ಹೋಗಿದೆ. ಹಬ್ಬದ ಮುಂಚೆ ತಿಳಿಯದೆ ಉಜ್ಜಿದೆ. ತಪ್ಪು ನನ್ನದು."

ಚೀಟಿ ಸುಳ್ಳು ಹೇಳಬಾರದು ಎಂದ ಮನುಷ್ಯ. ಗುಜರಿಯವನು ನಗುತ್ತಿದ್ದದ್ದನ್ನೂ ಬಿಡದೆ ಬರೆದ ಮನುಷ್ಯ.

"ಯಾಕ್ ನಿಂತ್ಬುಟ್ಟೆ? ಓದು."

"ಅಮ್ಮ, ಇದು... ಇದು ಉಜ್ಜಿದ್ದು ನಾನು. ಅವ್ರಲ್ಲ. ಆಯುಧಪೂಜೆ ಹಿಂದಿನ್ ದಿನ ಅಂಗ್ಡೀಲಿ ನಾನೇ..." ಮುಂದೆ ಬರಲಿಲ್ಲ. ಹನ್ನೊಂದು ದಿನ ಬಾರದ ಅಳು ಆಗ ಬಂತು.

ಅಮ್ಮ ನನ್ನ ಕೈಯಿಂದ ಕ್ರಾಸನ್ನು ತೆಗೆದುಕೊಂಡರು. ನಾನು ನಿಲ್ಲಿಸುವವರೆಗೂ ಕಾದರು.

"ಗೊತ್ತಿತ್ತು ಕಣಪ್ಪ" ಎಂದರು. "ಅವ್ರ ಕೈಗೆ ಒಂದು ಚೊಂಬು ಬೆಳಗಕ್ಕೂ ಬತ್ತಿರ್ಲಿಲ್ಲ. ಅಂಥ ಹೊಳಪು ನಿನ್ ಕೈ ಬುಟ್ಟು ಯಾರ್ಗೆ ಬತ್ತದೆ? ತಂದ ದಿನಾನೇ ತಿಳೀತು."

"ಮತ್ತೆ ಅವ್ರನ್ನ ಯಾಕೆ ಬೈತಿದ್ರಿ ಅಮ್ಮ?"

"ನೀನಿದ್ದಾಗ್ಲೇ ತಾನೆ ಬೈತಿದ್ದದ್ದು? ಒಂದಿನ ಯೋಳ್ತೀಯ, ಅವ್ರ ಎದೆ ಅಗುರಾಯ್ತದೆ ಅಂತ ಕಾದೆ. ಅವ್ರು ಇರೋಗಂಟ ಯೋಳ್ಲಿಲ್ಲ ನೀನು."

ನಾನು ಚೀಟಿಯನ್ನು ನೆಲದ ಮೇಲೆ ಬಿಡಿಸಿಟ್ಟೆ.

ಅಮ್ಮ ಎದ್ದು ಅವರ ನೀಲಿ ಪೆನ್ನು ತಂದು ಚೀಟಿಯ ಮೇಲಿಟ್ಟರು. ನಾನು ಅವರ ಮಾತಿಗೆ ಗೆರೆ ಎಳೆಯಲಿಲ್ಲ, ಆ ಅಕ್ಷರದ ಮೇಲೆ ಗೆರೆ ಎಳೆಯಲು ಕೈ ಬರಲಿಲ್ಲ. ಕೆಳಗೆ ಉಳಿದಿದ್ದ ಬೆರಳಗಲದ ಜಾಗದಲ್ಲಿ, ನನ್ನ ಸೊಟ್ಟ ಅಕ್ಷರದಲ್ಲಿ, ನನ್ನ ಹೆಸರು ಬರೆದೆ. ಉಜ್ಜಿದವನು ನಾನು ಎಂದು ಬರೆದೆ. ಇನ್ನೂ ಸ್ವಲ್ಪ ಜಾಗ ಇತ್ತು. ಚೀಟಿ ಓದಿರಲಿಲ್ಲ ಎಂದು ಬರೆದು, ನಾಲ್ಕಾಗಿ ಮಡಚಿ, ದಾರ ಕಟ್ಟಿದೆ.